ಅಕ್ಕನ ಪರ್ಮಿಗೆ ಬಿದ್ದ ತೆಂಗಿನ ಹಾಲು

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಅಕ್ಕನ ಮದುವೆಯ ಹಿಂದಿನ ದಿನ, ರೋಸಿನ ಶಾಸ್ತ್ರಕ್ಕೆ ಮೊದಲು, ಮಾವ್ಶಿಯ ಕಿವಿಯಲ್ಲಿ ಒಂದು ಮಾತು ಹೇಳುವುದು: "ಅಕ್ಕನ ತಲೆಗೆ ಹಾಲು ಸುರಿಯಬೇಡಿ, ಹಣೆಗೆ ಮುಟ್ಟಿಸಿದರೆ ಸಾಕು." ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ಇಷ್ಟು ಹೇಳುವುದಕ್ಕೆ ಶಾಲೆ ಬೇಕಾಗಿರಲಿಲ್ಲ. ಇಡೀ ದಿನ ಮಾವ್ಶಿಯ ಪಕ್ಕದಲ್ಲೇ ಕುಳಿತಿದ್ದೆ. ಹೇಳಲಿಲ್ಲ.

ಅದರಿಂದ ಅಕ್ಕ ಹೊಸದಾಗಿ ಮಾಡಿಸಿದ್ದ ಗುಂಗುರು ಕೂದಲು ಮದುವೆಗೆ ಮೊದಲೇ ಹಾಳಾಯಿತು. ಕೂದಲಿನದ್ದು ಬಿಡಿ, ಅದು ಬೆಳೆಯುತ್ತದೆ. ಆದರೆ ಅಕ್ಕ ಅಂದಿನಿಂದ ಮಾವ್ಶಿಯ ಹತ್ತಿರ ಮಾತು ಬಿಟ್ಟಳು. ಯಾಕೆಂದು ಮಾವ್ಶಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಮಾವ್ಶಿ ಎಂದರೆ ನಮ್ಮ ತಾಯಿಯ ಅಕ್ಕ. ಮನೆ ಕಾಪುವಿನಲ್ಲಿ. ಅಕ್ಕನ ದೀಕ್ಷಾಸ್ನಾನದ ದಿನ ಅವಳನ್ನು ಕೈಯಲ್ಲಿ ಎತ್ತಿಕೊಂಡು ಪದ್ರಾಬರ, ಅಂದರೆ ನಮ್ಮ ಪಾದ್ರಿಗಳ, ಮುಂದೆ ನಿಂತವರು ಅವರೇ. ಆದ್ದರಿಂದ ಅಕ್ಕ ಅವರಿಗೆ ಅರ್ಧ ಮಗಳು. ಅವರಿಗೆ ಸ್ವಂತ ಮಕ್ಕಳಿರಲಿಲ್ಲವಾದ್ದರಿಂದ ಅರ್ಧವೇ ಇಡಿಯಾಗಿತ್ತು.

ನಮ್ಮ ಮನೆ ಕುಕ್ಕುಂದೂರಿನಲ್ಲಿ, ಕಾರ್ಕಳ ಪೇಟೆಗೆ ಹೊಂದಿಕೊಂಡೇ. ಅಕ್ಕನ ಕೂದಲು ಸೊಂಟದವರೆಗೆ, ಮಳೆಗಾಲದ ಸೂರಿನ ನೀರಿನ ಹಾಗೆ ನೆಟ್ಟಗೆ ಇಳಿಯುತ್ತಿತ್ತು. ನನ್ನದು ಹುಟ್ಟಿನಿಂದಲೇ ಗುಂಗುರು. ಅಪ್ಪನ ಕಡೆಯ ಯಾವುದೋ ಅಜ್ಜಿಯದ್ದಂತೆ. ಯಾವ ಅಜ್ಜಿ ಎಂದು ಕೇಳಿದರೆ ಅಪ್ಪನ ಕಡೆಯವರು ಯಾರೂ ಒಪ್ಪುತ್ತಿರಲಿಲ್ಲ. ಮಾಂಯ್, ಅಂದರೆ ನಮ್ಮ ತಾಯಿ, ಭಾನುವಾರ ಚರ್ಚಿನ ಪೂಜೆಗೆ ಹೊರಡುವ ಮೊದಲು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಮೊಣಕಾಲಿನ ನಡುವೆ ಅಮುಕಿ ಹಿಡಿದು ಎಣ್ಣೆ ಹಾಕಿ ಬಾಚುತ್ತಿದ್ದಳು. ನನ್ನ ತಲೆಯಲ್ಲಿ ಬಾಚಣಿಗೆಯ ಹಲ್ಲು ಮುರಿಯುವುದು ಮನೆಯಲ್ಲಿ ಸುದ್ದಿಯೇ ಅಲ್ಲ. ಪಾತ್ರೆ ತೊಳೆಯಲು ಕುಳಿತು ತೆಂಗಿನ ನಾರು ಎಲ್ಲಿ ಎಂದು ನಾನು ಹುಡುಕಿದರೆ ಅಕ್ಕ ಒಳಗಿನಿಂದ ಹೇಳುತ್ತಿದ್ದಳು:

"ಯಾಕೆ ಹುಡುಕುವುದು ಮಾರಾಯ್ತಿ? ತಲೆಯಿಂದಲೇ ಒಂದು ಹಿಡಿ ಕಿತ್ತು ತಿಕ್ಕು. ಬೇಕಾದಷ್ಟು ಉಂಟಲ್ಲ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೊಮ್ಮೆ ಹೇಳುತ್ತಾಳೆ ಎಂದು ಗೊತ್ತಿತ್ತು.

ಅಕ್ಕ ಓದಿದಳು, ಟೈಪಿಂಗ್ ಕಲಿತಳು, ಉಡುಪಿಯ ಕಡಿಯಾಳಿಯಲ್ಲಿ ಒಂದು ಆಫೀಸಿಗೆ ಸೇರಿದಳು. ಎಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಸಂಬಂಧ ಕೂಡಿಬಂತು. ಹುಡುಗ ಬಹರೈನಿನಲ್ಲಿ ಕೆಲಸ ಮಾಡುವವನು. ನಿಶ್ಚಯದ ದಿನ ಹುಡುಗನ ಅತ್ತಿಗೆಯೂ ಬಂದಿದ್ದಳು. ಅವಳು ಬೊಂಬಾಯಿಯವಳು, ಅವಳ ತಲೆ ತುಂಬ ಗುಂಗುರು. ಅವಳು ತಲೆ ಆಡಿಸಿದಾಗೆಲ್ಲ ಆ ಗುಂಗುರುಗಳು ಸ್ಪ್ರಿಂಗಿನ ಹಾಗೆ ಕುಣಿಯುತ್ತಿದ್ದವು. ಅವಳು ಅಕ್ಕನ ಜಡೆಯನ್ನು ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ನೋಡುವ ಹಾಗೆ ಎರಡು ಬೆರಳಿನಲ್ಲಿ ಎತ್ತಿ, "ಎಂತ ಇದು, ಇಸ್ತ್ರಿ ಹಾಕಿದ್ದಾ?" ಎಂದಳು.

ಅಷ್ಟೇ. ಹುಟ್ಟಿದಾಗಿನಿಂದ ಹೊಗಳಿಸಿಕೊಂಡ ಕೂದಲಿನ ಮರ್ಯಾದೆ ಆ ಒಂದು ಪ್ರಶ್ನೆಯಲ್ಲಿ ಹೋಯಿತು. ಮರುವಾರವೇ ಅಕ್ಕ ಆಫೀಸಿನಿಂದ ಸುದ್ದಿ ತಂದಳು. ಮಣಿಪಾಲದಲ್ಲಿ ಒಂದು ಬ್ಯೂಟಿ ಪಾರ್ಲರ್ ಇದೆಯಂತೆ. ಹಾಸ್ಟೆಲಿನ ಹುಡುಗಿಯರೆಲ್ಲ ಅಲ್ಲಿ ಪರ್ಮ್ ಮಾಡಿಸುತ್ತಾರಂತೆ. ಪರ್ಮ್ ಎಂದರೆ ಔಷಧ ಹಾಕಿ ನೆಟ್ಟಗಿನ ಕೂದಲನ್ನು ಗುಂಗುರು ಮಾಡುವುದು, ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತದಂತೆ. ಮಾಂಯ್‌ಗೆ ಮಾತ್ರ "ಕೂದಲು ಸೆಟ್ ಮಾಡಿಸಿಕೊಂಡು ಬರುತ್ತೇನೆ" ಎಂದಳು. ತುದಿ ಕತ್ತರಿಸುವುದು ಎಂದು ಮಾಂಯ್ ತಿಳಿದುಕೊಂಡಳು.

ಮದುವೆ ಸೋಮವಾರ. ಶನಿವಾರ ಬೆಳಿಗ್ಗೆ ನಾವಿಬ್ಬರೂ ಉಡುಪಿ ಬಸ್ಸು ಹತ್ತಿ ಮಣಿಪಾಲದಲ್ಲಿ ಇಳಿದೆವು. ಪಾರ್ಲರ್ ಒಂದು ಮನೆಯ ಮುಂದಿನ ಕೋಣೆಯಲ್ಲಿತ್ತು. ಅದರ ಯಜಮಾನಿ ಮೊದಲು ನೋಡಿದ್ದು ಅಕ್ಕನನ್ನಲ್ಲ, ನನ್ನನ್ನು. ನನ್ನ ಸುತ್ತ ಒಂದು ಸುತ್ತು ಬಂದು, ಎಣ್ಣೆಯಲ್ಲಿ ಮುಳುಗಿದ್ದ ನನ್ನ ಜಡೆಯ ತುದಿ ಬಿಚ್ಚಿ ನೋಡಿದಳು.

"ನಿಮ್ಮದು ಎಲ್ಲಿ ಮಾಡಿಸಿದ್ದು? ಮಂಗಳೂರಿನಲ್ಲಾ?"

"ಇದು ದೇವರು ಮಾಡಿದ್ದು," ಎಂದೆ.

"ಅಯ್ಯೋ! ಇದಕ್ಕೆ ಜನ ಇಲ್ಲಿ ಕ್ಯೂ ನಿಲ್ಲುತ್ತಾರೆ ಮಾರಾಯ್ತಿ, ನೀವು ಜಡೆ ಹಾಕಿ ಅಡಗಿಸಿ ಇಟ್ಟಿದ್ದೀರಲ್ಲ!" ಆಮೇಲೆ ಅಕ್ಕನ ಕಡೆ ತಿರುಗಿ, "ನೋಡಿ, ನಿಮ್ಮ ತಂಗಿಯದ್ದರ ಹಾಗೆ ಬಂದರೆ ಫಸ್ಟ್ ಕ್ಲಾಸ್. ಹಾಗೇ ಮಾಡುವ, ಅಲ್ವಾ?" ಎಂದಳು.

ನನ್ನ ಜೀವನದಲ್ಲಿ ನನ್ನ ಕೂದಲಿನ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದಳು.

"ಅಯ್ಯಯ್ಯೋ, ಇವಳದ್ದರ ಹಾಗೆ ಬೇಡವೇ ಬೇಡ! ಇವಳದ್ದು ನಾರು. ನನಗೆ ಒಳ್ಳೆ ಗುಂಗುರು ಬೇಕು."

ನಾನು ಸ್ಟೂಲಿನ ಮೇಲೆ ಕುಳಿತೆ. ಯಜಮಾನಿ ಹೇಳಿದಂತೆ ಪುಟ್ಟ ಕಾಗದದ ಚೂರುಗಳನ್ನೂ ಬೆರಳುದ್ದದ ಪ್ಲಾಸ್ಟಿಕ್ ಕಡ್ಡಿಗಳನ್ನೂ ಒಂದೊಂದಾಗಿ ಎತ್ತಿ ಕೊಟ್ಟೆ. ಅವಳು ಸೊಂಟದವರೆಗಿನ ಕೂದಲನ್ನು ಮೊದಲು ಹೆಗಲಿಗೆ ಕತ್ತರಿಸಿದಳು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸ್ವಲ್ಪ ಸ್ವಲ್ಪ ಕೂದಲು ತೆಗೆದು, ತುದಿಗೆ ಕಾಗದ ಮಡಚಿ, ಕಡ್ಡಿಗೆ ಬೀಡಿ ಕಟ್ಟುವವರ ಹಾಗೆ ಸರಸರ ಸುತ್ತಿದಳು. ತಲೆ ತುಂಬ ಕಡ್ಡಿಗಳಾದ ಮೇಲೆ ಬಾಟ್ಲಿಯಿಂದ ಔಷಧ ಹನಿಸಿದಳು. ಕೋಣೆ ತುಂಬ ಕೊಳೆತ ಮೊಟ್ಟೆಯ ನಾತ ಎದ್ದಿತು. ಅಕ್ಕನ ಕಣ್ಣಿನಿಂದ ನೀರು ಸುರಿಯಿತು. ಚಂದಕ್ಕಾಗಿ ಅಳುವುದು ನನಗಂತೂ ಹೊಸದು. ನಾನು ಅದುವರೆಗೆ ಅತ್ತಿದ್ದೆಲ್ಲ ಬಾಚಣಿಗೆಗಾಗಿ.

ತುಂಬ ಹೊತ್ತಿನ ನಂತರ ತೊಳೆದು, ಇನ್ನೊಂದು ಔಷಧ ಹಾಕಿ, ಮತ್ತೆ ತೊಳೆದು ಕಡ್ಡಿ ಬಿಚ್ಚಿದಳು. ಎಚ್ಚರಿಕೆಯನ್ನೂ ಹೇಳಿದಳು: "ಮಂಗಳವಾರದವರೆಗೆ ತಲೆಗೆ ನೀರಿಲ್ಲ, ಎಣ್ಣೆ ಇಲ್ಲ, ಸೋಪಿಲ್ಲ. ಈಗ ಅದು ಹಸಿ ಗೋಡೆಯ ಹಾಗೆ. ಒದ್ದೆಯಾದರೆ ಬಿದ್ದುಹೋಗುತ್ತದೆ." ನಾವಿಬ್ಬರೂ ಮಕ್ಕಳ ಹಾಗೆ ತಲೆಯಾಡಿಸಿದೆವು.

ಬಸ್ ಸ್ಟಾಪಿಗೆ ಬಂದು ನಿಂತ ಮೇಲೆ ಅಕ್ಕ ಒಮ್ಮೆಲೇ ನನ್ನ ಕೈ ಹಿಡಿದಳು. "ರೋಸ್!"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ಹುಡುಗಿಯನ್ನು ಚಪ್ಪರದಲ್ಲಿ ಕೂರಿಸಿ ನೆತ್ತಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಸುರಿಯುತ್ತಾರೆ. ಅದೇ ರೋಸ್. ಊರಿನವರು, ನೆಂಟರು, ಬಂದವರೆಲ್ಲ ಸುರಿಯುತ್ತಾರೆ. ಮದುವೆಗೆ ಕೂದಲು ತಾಜಾ ಇರಬೇಕೆಂದು ದಿನ ಲೆಕ್ಕ ಹಾಕಿದ ಅಕ್ಕ ಸೋಮವಾರವನ್ನು ನೆನಪಿಟ್ಟುಕೊಂಡು ಭಾನುವಾರವನ್ನು ಮರೆತಿದ್ದಳು.

"ನಾನೇ ಹೇಳಿದರೆ ಮಾಂಯ್ ನನ್ನನ್ನು ಮದುವೆಗೆ ಮೊದಲೇ ಮಣ್ಣು ಮಾಡುತ್ತಾಳೆ," ಎಂದಳು ಅಕ್ಕ. "ನೀನು ಮಾವ್ಶಿಗೆ ಹೇಳು. ಮೊದಲು ಹಾಲು ಹಾಕುವವರು ಅವರು. ಅವರು ಹೇಗೆ ಮಾಡುತ್ತಾರೋ ಮತ್ತೆ ಎಲ್ಲರೂ ಹಾಗೇ. ಅವರು ಹಣೆಗೆ ಮುಟ್ಟಿಸಿ ಕೈಕಾಲಿಗೆ ಸುರಿದರೆ ಉಳಿದವರೂ ಅಷ್ಟೇ ಮಾಡುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ. ಹೇಳ್ತೀಯಲ್ಲ?"

"ಹೇಳ್ತೇನೆ," ಎಂದೆ. ಆಗ ನಿಜವಾಗಿಯೂ ಹೇಳುವವಳೇ ಇದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಅಕ್ಕ ತಲೆಗೆ ಸ್ಕಾರ್ಫ್ ಕಟ್ಟಿಕೊಂಡಳು. ವಾಸನೆಗೆ ಸ್ಕಾರ್ಫ್ ಲೆಕ್ಕವಿಲ್ಲ. ಪರ್ಕಳ ದಾಟುವುದರೊಳಗೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಸೀಟು ಸೀಟು ಬಗ್ಗಿ ನೋಡತೊಡಗಿದ. "ಯಾರದ್ದು ಮೊಟ್ಟೆ? ಯಾರು ಮೊಟ್ಟೆ ಒಡೆದದ್ದು?" ಕೊನೆಗೆ ಕಾರ್ಕಳದ ಸಂಜೆ ಮಾರ್ಕೆಟಿಗೆ ಹೊರಟಿದ್ದ ಮೀನು ಮಾರುವ ಹೆಂಗಸಿನ ಮುಂದೆ ನಿಂತ. ಅವಳು ಎದ್ದೇ ನಿಂತಳು.

"ಕಣ್ಣು ಕಾಣುವುದಿಲ್ವಾ ನಿನಗೆ? ನನ್ನ ಬುಟ್ಟಿ ಟಾಪಿನ ಮೇಲೆ ಉಂಟು, ವಾಸನೆ ಕೆಳಗೆ ಉಂಟು. ನನ್ನ ಮೀನು ಸತ್ತಿದೆ ನಿಜ, ಆದರೆ ಇಷ್ಟು ಸತ್ತಿಲ್ಲ!"

ಬಸ್ಸಿಡೀ ನಕ್ಕಿತು. ಅಕ್ಕ ಕಿಟಕಿಯಿಂದ ಮುಖ ಹೊರಗೆ ಹಾಕಿ ಜಪಸರ ಎಣಿಸುವವಳ ಹಾಗೆ ತುಟಿ ಅಲ್ಲಾಡಿಸುತ್ತ ಕುಳಿತಳು.

ಭಾನುವಾರ ಬೆಳಿಗ್ಗೆ ಕಾಪುವಿನಿಂದ ಮಾವ್ಶಿ ಬಂದರು. ಬಂದವರೇ ಸೆರಗು ಸಿಕ್ಕಿಸಿ ತುರಿಮಣೆ ಎಳೆದುಕೊಂಡು ಕಾಯಿ ತುರಿಯಲು ಕುಳಿತರು. ಪಕ್ಕದ ಮಣೆಯಲ್ಲಿ ನಾನು. ಅಕ್ಕ ತಲೆನೋವೆಂದು ಸ್ಕಾರ್ಫ್ ಕಟ್ಟಿಕೊಂಡು ಕೋಣೆಯೊಳಗೆ ಇದ್ದಳು. ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಕೋಣೆಯೊಳಗಿನಿಂದ ದೊಡ್ಡಪ್ಪನ ಹೆಣ್ಣುಮಕ್ಕಳ ಕಿರುಚು ಕೇಳಿತು. ಹೋಗಿ ನೋಡಿದರೆ ಅಕ್ಕ ಬಾಗಿಲು ಹಾಕಿ ಅವರಿಗೆ ಗುಂಗುರು ತೋರಿಸುತ್ತಿದ್ದಾಳೆ. ನಿಜ ಹೇಳಬೇಕೆಂದರೆ ತುಂಬ ಚಂದ ಕಾಣುತ್ತಿದ್ದಳು. ಹುಡುಗಿಯರು ಒಬ್ಬೊಬ್ಬರೇ ಒಂದೊಂದು ಎಳೆ ಎಳೆದು ಬಿಟ್ಟು, ಅದು ಮತ್ತೆ ಸುತ್ತಿಕೊಳ್ಳುವುದನ್ನು ನೋಡಿ, "ಅಯ್ಯೋ ಎಷ್ಟು ಲಾಯ್ಕ್ ಉಂಟು!" ಎನ್ನುತ್ತಿದ್ದರು. ನನ್ನ ಕೂದಲೂ ಎಳೆದು ಬಿಟ್ಟರೆ ಹಾಗೇ ಸುತ್ತಿಕೊಳ್ಳುತ್ತದೆ. ಆ ಹುಡುಗಿಯರು ನನ್ನ ಜೊತೆಯಲ್ಲೇ ಬೆಳೆದವರು, ಒಬ್ಬಳೂ ಎಳೆದು ನೋಡಿದವಳಲ್ಲ. ಅವರಲ್ಲಿ ಒಬ್ಬಳು ನನ್ನನ್ನು ಕಂಡು, "ಬಂದೆಯಾ? ನಮಗೆಲ್ಲ ಒಂದೊಂದು ಚಾ ತಾ," ಎಂದಳು.

ನಾನು ಚಾ ತಂದುಕೊಟ್ಟೆ. ತುರಿಮಣೆಗೆ ವಾಪಸು ಬಂದೆ. ಮಾವ್ಶಿ, "ಮುಖ ಯಾಕೆ ಹಾಗೆ? ಅಕ್ಕ ಹೋಗುತ್ತಾಳೆಂದು ಬೇಜಾರಾ?" ಎಂದು ನನ್ನ ಗಲ್ಲಕ್ಕೆ ತುರಿ ಹತ್ತಿದ ಕೈ ಹಚ್ಚಿದರು. "ಹೂಂ," ಎಂದೆ. ಉಳಿದ ಕಾಯಿಗಳನ್ನೆಲ್ಲ ಬಾಯಿ ಬಿಡದೆ ತುರಿದೆ. ಮಿಕ್ಕ ಹೆಂಗಸರು ಕಡೆದು ಹಾಲು ಹಿಂಡಿದರು.

ಸಂಜೆ ಚಪ್ಪರದಲ್ಲಿ ಪ್ರಾರ್ಥನೆ ಮುಗಿಯಿತು. ಮುದುಕಿಯರು ಸೋಬಾನೆ ಎತ್ತಿದರು. ಅಕ್ಕ ಹಳೆಯ ಸೀರೆಯುಟ್ಟು, ಸ್ಕಾರ್ಫಿನ ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ ಕುಳಿತಿದ್ದಳು. ರೋಸಿಗೆ ಕೂತ ಹುಡುಗಿ ಬಾಯಿ ತೆರೆಯುವಂತಿಲ್ಲ, ತೆರೆದರೆ ನಾಚಿಕೆ ಇಲ್ಲದವಳು ಎನ್ನುತ್ತಾರೆ. ಮಾವ್ಶಿ ಹಾಲಿನ ಪಾತ್ರೆ ಎತ್ತಿಕೊಂಡಾಗ ಅವಳು ರೆಪ್ಪೆಯ ಕೆಳಗಿನಿಂದ ನನ್ನನ್ನು ನೋಡಿದಳು. ಹೇಳಿದೆಯಾ ಎಂದು ಕೇಳುವ ನೋಟ ಅದು.

ನಾನು ಹೌದೆಂದು ತಲೆ ಆಡಿಸಿದೆ.

ಅಕ್ಕನ ಹೆಗಲು ಸಡಿಲವಾಯಿತು. ಮಾವ್ಶಿ ಸೆರಗು ಸರಿಸಿ ಸ್ಕಾರ್ಫ್ ಬಿಚ್ಚಿದರು. ಸೋಬಾನೆ ಅರ್ಧಕ್ಕೆ ನಿಂತಿತು. "ಜೆಜು! ಇದೆಂತದು?" ಎಂದು ಯೇಸುವನ್ನು ಕರೆದು ಮಾಂಯ್ ಎದೆ ಮುಟ್ಟಿಕೊಂಡಳು. ಆದರೆ ಮಾವ್ಶಿಯ ಮುಖದಲ್ಲಿ ಕನಿಕರವೇ ಉಕ್ಕಿತು. "ನೋಡಿ, ಎಣ್ಣೆ ನೀರು ಕಾಣದೆ ಮಗುವಿನ ಕೂದಲು ಹೇಗೆ ಗಂಟು ಕಟ್ಟಿದೆ! ಆಫೀಸು ಆಫೀಸು ಎಂದು ಓಡಿದರೆ ಇನ್ನೆಂತ ಆಗುತ್ತದೆ?" ಎಂದು ಎಣ್ಣೆಯ ಬಟ್ಟಲನ್ನೇ ನೆತ್ತಿಗೆ ಬೋರಲು ಹಾಕಿ, ಅದರ ಮೇಲೆ ಪಾತ್ರೆಯ ಹಾಲನ್ನು ಧಾರಾಳವಾಗಿ ಸುರಿದು, ಗಂಟು ಬಿಡಿಸಲು ಹತ್ತೂ ಬೆರಳು ಹಾಕಿ ಗಸಗಸ ತಿಕ್ಕಿದರು. ಅಷ್ಟು ಪ್ರೀತಿಯಿಂದ ಯಾರೂ ಯಾರ ಪರ್ಮನ್ನೂ ಹಾಳು ಮಾಡಿರಲಿಕ್ಕಿಲ್ಲ. ಅವರ ಹಿಂದೆ ಮಾಂಯ್, ದೊಡ್ಡಮ್ಮ, ನೆರೆಯವರು, ಎಲ್ಲರೂ ಸುರಿದರು.

ಒದ್ದೆಯಾದದ್ದೇ ತಡ, ಆ ಮೊಟ್ಟೆಯ ನಾತ ಮತ್ತೆ ಎದ್ದಿತು. ದೊಡ್ಡಮ್ಮ ಪಾತ್ರೆ ಮೂಸಿ, "ಕಾಯಿ ಹಾಳಾಗಿದೆ," ಎಂದರು. ಕಾಯಿ ಕೊಟ್ಟಿದ್ದು ನಮ್ಮ ಚಿಕ್ಕಪ್ಪ.

"ನನ್ನ ಮರದ ಕಾಯಾ? ಹಾಳಾ?" ಚಿಕ್ಕಪ್ಪ ಜನ ಸರಿಸಿ ಮುಂದೆ ಬಂದರು. ಪಾತ್ರೆಯಲ್ಲಿ ಉಳಿದಿದ್ದ ಹಾಲನ್ನು ಎಲ್ಲರ ಎದುರು ಗಟಗಟ ಕುಡಿದು ಮೀಸೆ ಒರೆಸಿಕೊಂಡರು. "ಬೆಲ್ಲ ಹಾಕಿದರೆ ಪಾಯಸ! ಇನ್ನು ಹೇಳಿ, ಹಾಳು ಎಂತದು?"

ಹಾಲು ಸರಿಯಿದೆ ಎಂದಾದ ಮೇಲೆ ಇಲಿ ಸತ್ತಿರಬೇಕು ಎಂದಾಯಿತು. ಗಂಡಸರು ಟಾರ್ಚು ಹಿಡಿದು ಚಪ್ಪರದ ಸುತ್ತ ಇಲಿ ಹುಡುಕಿದರು. ಮದುಮಗಳು ಹಾಲು ತೊಟ್ಟಿಕ್ಕುತ್ತ ಕುಳಿತೇ ಇದ್ದಳು. ಬಾಯಿ ತೆರೆಯುವಂತಿಲ್ಲವಲ್ಲ.

ಬಚ್ಚಲಿನಲ್ಲಿ ಮಾಂಯ್ ಅವಳನ್ನು ಬೈಯುತ್ತ, ಹಂಡೆ ಬಿಸಿನೀರು ಹಾಕಿ, ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ತೊಳೆದಳು. ಕೂದಲು ಒಣಗಿದಾಗ ಮುಂದಿನ ಅರ್ಧ ಸಪಾಟಾಗಿ ಹಣೆಗೆ ಅಂಟಿತ್ತು, ಹಿಂದಿನ ಅರ್ಧ ಕುರಿಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. ಅಕ್ಕ ನನ್ನನ್ನು ಕೋಣೆಗೆ ಎಳೆದು ಕೇಳಿದಳು:

"ನೀನು ಹೇಳಿದ್ದೀಯಲ್ಲ?"

"ಹೇಳಿದ್ದೇನೆ."

"ಮತ್ತೆ ಯಾಕೆ ಸುರಿದದ್ದು?"

"ಗೊತ್ತಿಲ್ಲ."

ಅವಳು ಕನ್ನಡಿಯನ್ನು ಬೋರಲು ಇಟ್ಟಳು. "ನನಗೆ ಗೊತ್ತುಂಟು. ಫ್ಯಾಶನ್ ಕಂಡರೆ ಅವರಿಗೆ ಆಗುವುದಿಲ್ಲ. ಬೇಕೆಂತಲೇ ಮಾಡಿದ್ದು." ಆಗಲಾದರೂ ನಾನು ನಿಜ ಹೇಳಬಹುದಿತ್ತು.

ಮರುದಿನ ಇಗರ್ಜಿಯಲ್ಲಿ ಅವಳ ವೇಲಿನ ಹಿಂಭಾಗ ಒಳಗೆ ತೆಂಗಿನಕಾಯಿ ಇಟ್ಟ ಹಾಗೆ ಉಬ್ಬಿತ್ತು. ಬೊಂಬಾಯಿಯ ಅತ್ತಿಗೆ ಅದನ್ನು ಮೆಲ್ಲಗೆ ತಟ್ಟಿ, "ಒಳಗೆ ಎಂತ ಉಂಟು?" ಎಂದಳು. ಭಾವನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವರು ಇಡೀ ದಿನ ತಮ್ಮ ಹೊಸ ಬೂಟು ಕಚ್ಚುತ್ತಿದ್ದುದನ್ನೇ ಯೋಚಿಸುತ್ತಿದ್ದರಂತೆ. ಆಶೀರ್ವಾದಕ್ಕೆ ಮಾವ್ಶಿ ಬಂದಾಗ ಅಕ್ಕ ಬೆರಳ ತುದಿ ಮಾತ್ರ ಕೊಟ್ಟಳು.

ಆಮೇಲೆ ಅವಳು ಬಹರೈನಿಗೆ ಹೋದಳು. ಅಲ್ಲಿಂದ ಬರುವವರ ಕೈಯಲ್ಲಿ ಎಲ್ಲರಿಗೂ ಸೋಪು, ಪೌಡರು, ಹಾಲಿನ ಪುಡಿ ಕಳಿಸುತ್ತಿದ್ದಳು. ಚಿಕ್ಕಪ್ಪನಿಗೂ ಬರುತ್ತಿತ್ತು, ಮಾವ್ಶಿಗೆ ಮಾತ್ರ ಬರುತ್ತಿರಲಿಲ್ಲ. ನಾನು ನನ್ನ ಪಾಲಿನ ಸೋಪನ್ನು ಕಾಪುವಿಗೆ ಒಯ್ದು, "ಅಕ್ಕ ಕಳಿಸಿದ್ದು," ಎಂದು ಕೊಡುತ್ತಿದ್ದೆ. ಒಮ್ಮೆ ಆಸೆ ತಡೆಯದೆ ಒಂದೆರಡು ಸಲ ಉಪಯೋಗಿಸಿದ ಮೇಲೆ ಕೊಟ್ಟೆ. ಮಾವ್ಶಿ ಅದನ್ನು ತಿರುಗಿಸಿ ನೋಡಿ, "ಅಲ್ಲಿ ಸೋಪು ಇಷ್ಟು ಸಣ್ಣದಾ?" ಎಂದು ಕೇಳಿ ಸೀರೆಗಳ ನಡುವೆ ಇಟ್ಟುಕೊಂಡರು. ಆಮೇಲೆ, "ಅವಳಿಗೆ ನನ್ನ ಮೇಲೆ ಎಂತ ಕೋಪ ಮಗಾ?" ಎಂದು ಮೆಲ್ಲಗೆ ಕೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಪಾಪನಿವೇದನೆಯಲ್ಲಿ ಪದ್ರಾಬರಿಗೆ ಹೇಳಿಯೂ ನೋಡಿದೆ. ಜಾಲರಿಯ ಆ ಕಡೆಯಿಂದ ಅವರು, "ಪರ್ಮ್ ಅಂದರೆ ಎಂತ?" ಎಂದರು. ವಿವರಿಸಿದೆ. ನಗು ತಡೆದುಕೊಳ್ಳುತ್ತಿದ್ದಿರಬೇಕು, ಕೆಮ್ಮು ಬಂತು. "ಇದನ್ನು ನನಗಲ್ಲ, ಅಕ್ಕನಿಗೆ ಹೇಳು," ಎಂದರು. "ಅಕ್ಕ ಬಹರೈನಿನಲ್ಲಿ ಇದ್ದಾಳೆ ಪದ್ರಾಬ್," ಎಂದೆ. ಅವಳು ದೂರ ಇದ್ದಾಳೆಂದು ಸಂತೋಷಪಟ್ಟದ್ದು ಆ ಒಂದು ಸಲ.

ಮೊದಲ ರಜೆಯಲ್ಲಿ ಬಂದವಳು ಕಾಪುವಿಗೆ ಹೋಗಲಿಲ್ಲ. ಎರಡನೇ ರಜೆಯಲ್ಲೂ ಹೋಗುವ ಲಕ್ಷಣ ಕಾಣಲಿಲ್ಲ. ಆಗ ಮಾವ್ಶಿಗೆ ಮಂಡಿನೋವು ಶುರುವಾಗಿತ್ತು. ಆದರೂ ಒಂದು ಮಧ್ಯಾಹ್ನ ಎರಡು ಬಸ್ಸು ಬದಲಿಸಿ ತಾವೇ ನಮ್ಮ ಮನೆಗೆ ಬಂದರು. ಬಹರೈನಿನ ನೀರಿಗೆ ಅಕ್ಕನ ಕೂದಲು ಉದುರುತ್ತದೆಂದು ಯಾರೋ ಹೇಳಿದ್ದರಂತೆ. ಸೊಪ್ಪು ಸದೆ ಹಾಕಿ ಕಾಸಿದ ತೆಂಗಿನೆಣ್ಣೆಯ ದೊಡ್ಡ ಬಾಟ್ಲಿಯನ್ನು ಚೀಲದಿಂದ ತೆಗೆದು ಅಕ್ಕನ ಮುಂದಿಟ್ಟು, "ಕುಳಿತುಕೋ, ನಾನೇ ಹಚ್ಚುತ್ತೇನೆ," ಎಂದರು.

ಅಕ್ಕ ಬಾಟ್ಲಿ ನೋಡಿದಳು. ಅವಳ ಮುಖ ಕೆಂಪಾಯಿತು. "ಅವತ್ತು ಹಚ್ಚಿದ್ದು ಸಾಕಾಗಲಿಲ್ವಾ ನಿಮಗೆ?"

"ಯಾವತ್ತು?"

"ನನ್ನ ರೋಸಿನ ದಿನ. ತಲೆಗೆ ಹಾಕಬೇಡಿ ಎಂದು ಹೇಳಿ ಕಳಿಸಿದ್ದೆ. ಆದರೂ ಹಟಕ್ಕೆ ಸುರಿದದ್ದಲ್ವಾ? ಬೇಡ ಮಾವ್ಶಿ, ಇದನ್ನು ತಕೊಂಡು ಹೋಗಿ."

ಮಾವ್ಶಿಯ ಕೈ ಬಾಟ್ಲಿಯ ಮೇಲೆ ಹಾಗೇ ನಿಂತಿತು. "ಹೇಳಿ ಕಳಿಸಿದ್ದಾ? ಯಾರ ಹತ್ತಿರ? ನನಗೆ ಯಾರೂ ಎಂತದೂ ಹೇಳಲಿಲ್ಲ ಮಗಾ."

"ಇವಳು ಹೇಳಿದ್ದಾಳೆ. ಕೇಳಿ ಬೇಕಾದರೆ."

ಇಬ್ಬರೂ ನನ್ನ ಕಡೆ ತಿರುಗಿದರು. ಮಾವ್ಶಿಯ ಮುಖದಲ್ಲಿ ಸಿಟ್ಟಿರಲಿಲ್ಲ. ತಾವೇ ಮರೆತುಬಿಟ್ಟೆವೇನೋ ಎಂಬ ಗಾಬರಿ ಇತ್ತು. "ಹೇಳಿದ್ದೆಯಾ ಮಗಾ? ನನಗೆ ನೆನಪಾಗುವುದಿಲ್ಲ. ಪ್ರಾಯ ಆಯಿತಲ್ಲ," ಎಂದರು. ಮಾಡದ ತಪ್ಪನ್ನು ತಮ್ಮದೇ ಎಂದು ಒಪ್ಪಿಕೊಳ್ಳಲು ಅವರು ತಯಾರಾಗಿದ್ದರು. ನಾನು ಇನ್ನೊಮ್ಮೆ ತಲೆ ಆಡಿಸಿದ್ದರೆ ಸಾಕಿತ್ತು, ಒಪ್ಪಿಕೊಂಡೂ ಬಿಡುತ್ತಿದ್ದರು.

ಈ ಸಲ ಮಾತು ಹೊರಗೆ ಬಂತು.

"ನಾನು ಹೇಳಲಿಲ್ಲ ಅಕ್ಕಾ. ಮಾವ್ಶಿಗೆ ಒಂದು ಮಾತೂ ಹೇಳಲಿಲ್ಲ. ನೀನು ನನ್ನನ್ನು ನೋಡಿದಾಗ ಸುಳ್ಳೇ ತಲೆ ಆಡಿಸಿದೆ. ನಿನಗೆ ಅದು ಅಷ್ಟು ಚಂದ ಬಂದದ್ದು ನೋಡಿ ಹೊಟ್ಟೆ ಉರಿಯಿತು, ಅದಕ್ಕೇ. ಇವರದ್ದು ಏನೂ ಇಲ್ಲ, ಎಲ್ಲ ನನ್ನದೇ. ತಪ್ಪಾಯಿತು ಅಕ್ಕಾ, ಕ್ಷಮಿಸು. ಮಾವ್ಶಿ, ಇಷ್ಟು ವರ್ಷ ನಿಮ್ಮನ್ನು ಅವಳಿಂದ ದೂರ ಮಾಡಿದೆ, ನೀವೂ ನನ್ನನ್ನು ಕ್ಷಮಿಸಿ."